ಯಂತ್ರಗಳ ಬಾಡಿಗೆಯನ್ನು ಡೀಸೆಲ್ ದರಕ್ಕೆ ಹೊಂದಿಸುವ ಕುರಿತು ಸದಸ್ಯರಿಗೂ ಗ್ರಾಹಕರಿಗೂ ಪತ್ರ

ದಿನಾಂಕ: 12 ಮೇ 2025

ಮಾನ್ಯ ಸದಸ್ಯರೇ, ಗ್ರಾಹಕ ಬಂಧುಗಳೇ,

ಸವಿನಯ ವಂದನೆಗಳು. ನಮ್ಮ ಸಹಕಾರ ಸಂಘವು ಬಾಡಿಗೆಗೆ ಕೊಡುತ್ತಿರುವ ಟ್ರ್ಯಾಕ್ಟರ್, ರೋಟವೇಟರ್ (ಮಣ್ಣು ಪುಡಿ ಮಾಡುವ ಉಪಕರಣ), ಕೇಜ್‌ವೀಲ್ (ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರಿಗೆ ಹಾಕುವ ಕಬ್ಬಿಣದ ಚಕ್ರ) ಹಾಗೂ ಚೈನ್ ಕಟಾವು ಯಂತ್ರಗಳ ಗಂಟೆ ದರವನ್ನು ಇದುವರೆಗೆ ವರ್ಷಕ್ಕೊಮ್ಮೆ ನಿಗದಿ ಮಾಡುತ್ತಿದ್ದೆವು. ಬರುವ ಜೂನ್ 1ರಿಂದ ಈ ಪದ್ಧತಿಯನ್ನು ಬಿಟ್ಟು, ಬಾಡಿಗೆಯಲ್ಲಿ ಡೀಸೆಲ್ ಪಾಲನ್ನು ಬೇರೆಯಾಗಿ ತೋರಿಸಿ, ಬಂಕಿನ ದರ ಏರಿದರೆ ಬಾಡಿಗೆ ಏರುವಂತೆಯೂ ಇಳಿದರೆ ಇಳಿಯುವಂತೆಯೂ ಲೆಕ್ಕ ಹಾಕಲು ಆಡಳಿತ ಮಂಡಳಿ ತೀರ್ಮಾನಿಸಿದೆ. ಈ ತೀರ್ಮಾನಕ್ಕೆ ಕಾರಣವೇನು, ಲೆಕ್ಕ ಹೇಗೆ ಎಂಬುದನ್ನು ತಮ್ಮ ಮುಂದಿಡಲು ಈ ಪತ್ರ.

ಕಳೆದ ತಿಂಗಳಿನಿಂದ ಕಚೇರಿಗೆ ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ಎರಡು ಪ್ರಶ್ನೆಗಳನ್ನು. ಪೆಟ್ರೋಲ್ ನೂರು ದಾಟಿದೆ, ಡೀಸೆಲ್ ಇನ್ನೂ ತೊಂಬತ್ತರ ಆಸುಪಾಸಿನಲ್ಲಿದೆ, ಅಂದಮೇಲೆ ಅಗ್ಗದ ಎಣ್ಣೆಯಲ್ಲಿ ಓಡುವ ಯಂತ್ರಕ್ಕೆ ಬಾಡಿಗೆ ಏಕೆ ಏರಬೇಕು ಎಂಬುದು ಮೊದಲನೆಯದು. ವಿದೇಶದಲ್ಲಿ ಕಚ್ಚಾ ತೈಲ ಇಳಿದಿದೆ ಎಂದು ದಿನವೂ ಪತ್ರಿಕೆಯಲ್ಲಿ ಓದುತ್ತಿದ್ದೇವೆ, ಹಾಗಿರುವಾಗ ಇಲ್ಲಿ ಡೀಸೆಲ್ ಏರಿದ್ದಾದರೂ ಹೇಗೆ ಎಂಬುದು ಎರಡನೆಯದು. ಎರಡೂ ನ್ಯಾಯವಾದ ಪ್ರಶ್ನೆಗಳೇ ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕಾಗಿದೆ.

ಡೀಸೆಲ್ ಅಗ್ಗದ ಎಣ್ಣೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿರುವುದಕ್ಕೆ ಹಳೆಯ ಕಾರಣವಿದೆ. 2014ರ ಅಕ್ಟೋಬರ್‌ವರೆಗೂ ಡೀಸೆಲ್ ದರವನ್ನು ಕೇಂದ್ರ ಸರ್ಕಾರವೇ ಹಿಡಿತದಲ್ಲಿಟ್ಟುಕೊಂಡಿತ್ತು. ಪೆಟ್ರೋಲನ್ನು ಆ ಹಿಡಿತದಿಂದ 2010ರ ಜೂನ್‌ನಲ್ಲೇ ಬಿಡಲಾಗಿತ್ತು. ಈ ನಡುವಿನ ವರ್ಷಗಳಲ್ಲಿ ಎರಡರ ಅಂತರ ಎಷ್ಟು ಹಿಗ್ಗಿತ್ತೆಂದರೆ, 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿದ್ದಾಗ ಡೀಸೆಲ್ 41 ರೂಪಾಯಿಯ ಸುತ್ತಲಿತ್ತು. ರೈತನ ಟ್ರ್ಯಾಕ್ಟರ್, ಪಂಪ್‌ಸೆಟ್, ಸರಕು ಲಾರಿ, ಸರ್ಕಾರಿ ಬಸ್ಸು ಎಲ್ಲವೂ ಡೀಸೆಲ್‌ನಲ್ಲೇ ಓಡುವುದರಿಂದ ಬೇಕೆಂದೇ ಅದನ್ನು ಅಗ್ಗವಾಗಿ ಇಡಲಾಗಿತ್ತು. ಅದು ಸರ್ಕಾರದ ಧೋರಣೆಯಾಗಿತ್ತೇ ಹೊರತು ಆ ಎಣ್ಣೆಯ ನಿಜವಾದ ಬೆಲೆಯಾಗಿರಲಿಲ್ಲ.

ಇಂದಿನ ಲೆಕ್ಕವನ್ನೇ ಬಿಡಿಸಿ ನೋಡಬಹುದು. ಕಳೆದ ತಿಂಗಳು ಬೆಂಗಳೂರಿನಲ್ಲಿ ಲೀಟರ್ ಪೆಟ್ರೋಲಿಗೆ 102.92 ರೂಪಾಯಿ, ಡೀಸೆಲ್‌ಗೆ 91.02 ರೂಪಾಯಿ ಇತ್ತು. ಅಂತರ ಹನ್ನೆರಡು ರೂಪಾಯಿಗೆ ಸ್ವಲ್ಪ ಕಡಿಮೆ. ಕೇಂದ್ರದ ಅಬಕಾರಿ ಸುಂಕ ಪೆಟ್ರೋಲಿಗೆ 21.90 ರೂಪಾಯಿ, ಡೀಸೆಲ್‌ಗೆ 17.80 ರೂಪಾಯಿ. ರಾಜ್ಯದ ಮಾರಾಟ ತೆರಿಗೆ ಪೆಟ್ರೋಲಿಗೆ ಶೇ 29.84, ಡೀಸೆಲ್‌ಗೆ ಶೇ 21.17, ರೂಪಾಯಿ ಲೆಕ್ಕದಲ್ಲಿ ಇವು ಸುಮಾರು 23 ಮತ್ತು 16 ಆಗುತ್ತವೆ. ಈ ಎರಡು ತೆರಿಗೆಗಳನ್ನು ಕಳೆದರೆ ಪೆಟ್ರೋಲೂ ಡೀಸೆಲೂ ಐವತ್ತೇಳು–ಐವತ್ತೆಂಟು ರೂಪಾಯಿಗೆ ಬಂದು ನಿಲ್ಲುತ್ತವೆ. ಅದರಲ್ಲಿ ಬಂಕಿನವರ ಕಮಿಷನ್ನೂ ಸೇರಿದ್ದು, ಅದು ಪೆಟ್ರೋಲಿಗೇ ಹೆಚ್ಚು. ಅದನ್ನೂ ತೆಗೆದಿಟ್ಟರೆ ಡೀಸೆಲ್ ಪೆಟ್ರೋಲಿಗೆ ಸರಿಸಮನಾಗಿ, ಒಂದಿಷ್ಟು ಮುಂದೆಯೇ ನಿಲ್ಲುತ್ತದೆ. ಅಂದರೆ ಬಂಕಿನ ಫಲಕದಲ್ಲಿ ಕಾಣುವ ಹನ್ನೆರಡು ರೂಪಾಯಿಯ ಅಗ್ಗ ಹೆಚ್ಚುಕಡಿಮೆ ಪೂರ್ತಿಯಾಗಿ ತೆರಿಗೆಯಿಂದ ಹುಟ್ಟಿದ್ದು.

ತೆರಿಗೆಯ ಈ ರಿಯಾಯಿತಿ ಇಲ್ಲವಾದರೆ ಏನಾಗುತ್ತದೆ ಎಂಬುದನ್ನು ದೆಹಲಿಯ ಜನ 2020ರಲ್ಲಿ ಕಂಡರು. ಆ ವರ್ಷದ ಮೇ ತಿಂಗಳಲ್ಲಿ ಕೇಂದ್ರವು ಅಬಕಾರಿ ಸುಂಕವನ್ನು ಪೆಟ್ರೋಲಿಗೆ 10 ರೂಪಾಯಿ, ಡೀಸೆಲ್‌ಗೆ 13 ರೂಪಾಯಿ ಏರಿಸಿತು. ದೆಹಲಿ ಸರ್ಕಾರ ಎರಡಕ್ಕೂ ಸಮನಾಗಿ ಶೇ 30ರ ವ್ಯಾಟ್ (ಅಲ್ಲಿಯ ರಾಜ್ಯ ಮಟ್ಟದ ಮಾರಾಟ ತೆರಿಗೆ) ಹಾಕಿತು. ಜೂನ್ 24ರಂದು ಅಲ್ಲಿ ಪೆಟ್ರೋಲ್ 79.76 ರೂಪಾಯಿ, ಡೀಸೆಲ್ 79.88 ರೂಪಾಯಿ. ಮುಂದೆ ಜುಲೈ ಕೊನೆಯಲ್ಲಿ ದೆಹಲಿ ಸರ್ಕಾರ ಡೀಸೆಲ್ ಮೇಲಿನ ವ್ಯಾಟನ್ನು ಶೇ 16.75ಕ್ಕೆ ತಗ್ಗಿಸಿದ ಮೇಲಷ್ಟೇ ಹಳೆಯ ಕ್ರಮ ಮರಳಿತು. ಅಮೆರಿಕದಲ್ಲಿ ಸುಮಾರು ಎರಡು ದಶಕಗಳಿಂದಲೂ ಡೀಸೆಲ್ಲೇ ದುಬಾರಿ. ಅಲ್ಲಿ ಒಕ್ಕೂಟ ಸರ್ಕಾರದ ತೆರಿಗೆಯೇ ಗ್ಯಾಲನ್ನಿಗೆ ಪೆಟ್ರೋಲಿಗೆ 18.4 ಸೆಂಟ್, ಡೀಸೆಲ್‌ಗೆ 24.4 ಸೆಂಟ್. ನಮ್ಮಲ್ಲಿಯ ರೂಢಿಗೆ ಇದು ನೇರ ತದ್ವಿರುದ್ಧ.

ತೆರಿಗೆಯನ್ನು ಬದಿಗಿಟ್ಟರೂ ಡೀಸೆಲ್ ದುಬಾರಿಯಾಗಲು ಕಾರಣಗಳಿವೆ. ಒಂದು ಚೀಲ ಭತ್ತವನ್ನು ಮಿಲ್ಲಿಗೆ ಹಾಕಿದರೆ ಅಕ್ಕಿ, ನುಚ್ಚು, ತೌಡು, ಹೊಟ್ಟು ಎಲ್ಲವೂ ಹೊರಬರುತ್ತವೆ. ನಮಗೆ ತೌಡೇ ಹೆಚ್ಚು ಬೇಕೆಂದು ಹಟ ಹಿಡಿದರೆ ಬರುವುದಿಲ್ಲ. 159 ಲೀಟರಿನ ಒಂದು ಬ್ಯಾರೆಲ್ ಕಚ್ಚಾ ತೈಲದ ಕಥೆಯೂ ಅದೇ. ಕಾಯಿಸಿದಾಗ ಹಗುರವಾದ ಅಂಶಗಳಿಂದ ಅಡುಗೆ ಅನಿಲ, ಪೆಟ್ರೋಲ್, ನಡುವಿನದರಿಂದ ಸೀಮೆಎಣ್ಣೆ, ವಿಮಾನದ ಇಂಧನ, ಡೀಸೆಲ್, ತಳದಲ್ಲಿ ಡಾಂಬರು. ಸಂಸ್ಕರಣಾಗಾರದವರು ಈ ಪಾಲುಗಳನ್ನು ಒಂದು ಮಿತಿಯೊಳಗೆ ಹೆಚ್ಚುಕಡಿಮೆ ಮಾಡಬಲ್ಲರೇ ಹೊರತು ಮನಸ್ಸಿಗೆ ಬಂದಂತೆ ಬದಲಿಸಲಾರರು. ಆ ನಡುವಿನ ಪಾಲಿಗೇ ವಿಮಾನದವರು, ಹಡಗಿನವರು, ಕಾರ್ಖಾನೆಯವರು, ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಎಣ್ಣೆ ಉರಿಸುವ ಶೀತ ದೇಶದವರು ಎಲ್ಲರೂ ಕೈಯೊಡ್ಡುತ್ತಾರೆ. ನಮ್ಮ ದೇಶದಲ್ಲಂತೂ ಡೀಸೆಲ್ ಬಳಕೆ ಪೆಟ್ರೋಲಿನ ಎರಡು ಪಟ್ಟಿಗಿಂತ ಹೆಚ್ಚು. ಪೆಟ್ರೋಲ್ ದುಬಾರಿಯಾದರೆ ಬೈಕು ಬಿಟ್ಟು ಬಸ್ಸು ಹತ್ತಬಹುದು. ಹಣ್ಣಾದ ಭತ್ತವನ್ನು ಡೀಸೆಲ್ ಇಳಿಯುವ ತನಕ ಗದ್ದೆಯಲ್ಲಿ ನಿಲ್ಲಿಸಿಕೊಂಡು ಕೂರಲು ಬರುವುದಿಲ್ಲ, ಲಾರಿಯಲ್ಲಿ ಹೊರಟ ತರಕಾರಿಯೂ ಕಾಯುವುದಿಲ್ಲ. ಬೆಲೆ ಏರಿದರೂ ಬಳಕೆ ಅಷ್ಟಾಗಿ ತಗ್ಗದ ವಸ್ತುವಿನ ಬೆಲೆ ಸುಲಭವಾಗಿ ಇಳಿಯುವುದೂ ಇಲ್ಲ.

ಇದರ ಮೇಲೆ ಶುದ್ಧೀಕರಣದ ಖರ್ಚು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6, ಅಂದರೆ ವಾಹನದ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್-6 ಮಾನದಂಡದ ಇಂಧನ ಬಂದಿತು. ಡೀಸೆಲ್‌ನಲ್ಲಿ ಹತ್ತು ಲಕ್ಷ ಭಾಗಕ್ಕೆ 50 ಭಾಗದವರೆಗೆ ಇರಬಹುದಾಗಿದ್ದ ಗಂಧಕವನ್ನು 10 ಭಾಗಕ್ಕೆ ಇಳಿಸಬೇಕಾಯಿತು. ಗಂಧಕ ತೆಗೆಯಲು ಹೆಚ್ಚಿನ ಒತ್ತಡ, ಹೆಚ್ಚಿನ ಕಾವಿನಲ್ಲಿ ಹೈಡ್ರೋಜನ್ ಹಾಯಿಸಬೇಕು. ಆ ಹೈಡ್ರೋಜನ್ ತಯಾರಿಕೆಗೂ ಖರ್ಚು, ಘಟಕ ಕಟ್ಟಲೂ ಖರ್ಚು. ಹೊಗೆ ಕಡಿಮೆಯಾಗಿದ್ದು ಒಳ್ಳೆಯದೇ. ಆದರೆ ಅದು ಪುಕ್ಕಟೆಯಾಗಿ ಬಂದದ್ದಲ್ಲ. ಜೊತೆಗೆ ಲೀಟರಿಗೆ ಲೀಟರ್ ಹೋಲಿಸಿದರೆ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಶೇಕಡಾ ಹತ್ತಕ್ಕೂ ಹೆಚ್ಚು ಶಕ್ತಿಯಿದೆ ಎಂಬುದನ್ನೂ ಮರೆಯಬಾರದು. ಕೆಸರಿನಲ್ಲಿ ಚೈನ್ ಗಾಡಿಯನ್ನು ಎಳೆಯುವ ತಾಕತ್ತಿಗೆ ಅದೂ ಒಂದು ಕಾರಣ.

ಇನ್ನು ಎರಡನೆಯ ಪ್ರಶ್ನೆ. ಕಳೆದ ತಿಂಗಳು ಕಚ್ಚಾ ತೈಲ ಬ್ಯಾರೆಲ್ಲಿಗೆ 65 ಡಾಲರಿಗಿಂತ ಕೆಳಗಿಳಿದದ್ದು ನಿಜ. ಅದೇ ತಿಂಗಳ ಮೊದಲ ದಿನವೇ ನಮ್ಮ ರಾಜ್ಯದಲ್ಲಿ ಡೀಸೆಲ್ ಎರಡು ರೂಪಾಯಿ ಏರಿದ್ದೂ ನಿಜ. ಏರಿಕೆಗೂ ಕಚ್ಚಾ ತೈಲಕ್ಕೂ ಸಂಬಂಧವಿರಲಿಲ್ಲ; ರಾಜ್ಯದ ಮಾರಾಟ ತೆರಿಗೆ ಶೇ 18.44ರಿಂದ ಶೇ 21.17ಕ್ಕೆ ಹೋಯಿತು, ಅಷ್ಟೇ. ಅದಕ್ಕೂ ಮೊದಲು 2024ರ ಜೂನ್ 15ರಂದು ಇದೇ ತೆರಿಗೆ ಶೇ 14.34ರಿಂದ ಶೇ 18.44ಕ್ಕೆ ಏರಿ ಲೀಟರಿಗೆ ಮೂರು ರೂಪಾಯಿ ಹೆಚ್ಚಾಗಿತ್ತು. 2021ರ ನವೆಂಬರ್‌ಗೆ ಮುಂಚೆ ಅದು ಶೇ 24 ಇತ್ತು, ನಡುವೆ ಇಳಿಸಿದ್ದನ್ನು ಮತ್ತೆ ಏರಿಸಲಾಗಿದೆ ಎಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು. ಏಪ್ರಿಲ್ ಎರಡನೆಯ ವಾರದಲ್ಲಿ ಕೇಂದ್ರವೂ ಲೀಟರಿಗೆ ಎರಡು ರೂಪಾಯಿ ಅಬಕಾರಿ ಸುಂಕ ಹೆಚ್ಚಿಸಿತು. ಆಗ ಬಂಕಿನ ದರ ಏರಲಿಲ್ಲ, ಏಕೆಂದರೆ ಕಚ್ಚಾ ತೈಲ ಇಳಿದದ್ದರಿಂದ ನಮಗೆ ಸಿಗಬಹುದಾಗಿದ್ದ ಎರಡು ರೂಪಾಯಿ ಅಲ್ಲಿಗೆ ಹೋಯಿತು. ಏಪ್ರಿಲ್ ಮಧ್ಯದಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದ್ದರ ಹಿಂದೆಯೂ ಈ ಡೀಸೆಲ್ ಏರಿಕೆಯೇ ಇತ್ತು. ಈ ತೆರಿಗೆಗಳು ಸರಿಯೋ ತಪ್ಪೋ ಎಂಬುದು ಸಂಘದ ಪತ್ರದಲ್ಲಿ ಚರ್ಚಿಸುವ ವಿಷಯವಲ್ಲ.

ನಮಗೆ ಮುಖ್ಯವಾದದ್ದು ಇಷ್ಟು: ಬಂಕಿನ ಫಲಕದ ಮೇಲಿನ ಅಂಕಿಯನ್ನು ಕಚ್ಚಾ ತೈಲ, ಡಾಲರ್ ಎದುರು ರೂಪಾಯಿಯ ಮೌಲ್ಯ, ಸಂಸ್ಕರಣಾಗಾರದ ಖರ್ಚು, ಕೇಂದ್ರದ ಸುಂಕ, ರಾಜ್ಯದ ತೆರಿಗೆ ಎಲ್ಲವೂ ಸೇರಿ ನಿರ್ಧರಿಸುತ್ತವೆ, ಇವುಗಳಲ್ಲಿ ಯಾವುದು ಯಾವಾಗ ಅಲುಗಾಡುತ್ತದೆಂದು ವರ್ಷದ ಮೊದಲೇ ಊಹಿಸಿ ಬಾಡಿಗೆ ನಿಗದಿ ಮಾಡುವುದು ಯಾರಿಂದಲೂ ಆಗದ ಕೆಲಸ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ ಮಾರ್ಚ್ 22ರಿಂದ ಏಪ್ರಿಲ್ 6ರೊಳಗೆ, ದಿನಕ್ಕೆ ಎಂಬತ್ತು ಪೈಸೆಯಂತೆ, ಲೀಟರಿಗೆ ಹತ್ತು ರೂಪಾಯಿ ಏರಿದ್ದು ತಮಗೂ ನೆನಪಿರಬಹುದು. ಮುಂದೇನಾಗುವುದೋ ಎಂಬ ಭಯದಲ್ಲಿ ವರ್ಷಕ್ಕೊಮ್ಮೆ ದರ ಕಟ್ಟುವವರು ಸ್ವಲ್ಪ ಹೆಚ್ಚಿಗೆಯೇ ಕಟ್ಟುತ್ತಾರೆ; ಏರದಿದ್ದರೆ ರೈತನಿಗೆ ನಷ್ಟ, ಊಹೆ ಮೀರಿ ಏರಿದರೆ ಸಂಘಕ್ಕೆ ನಷ್ಟ. ಕಳೆದ ವರ್ಷದ ಮೂರು ರೂಪಾಯಿ ಮತ್ತು ಈ ವರ್ಷದ ಎರಡು ರೂಪಾಯಿಯನ್ನು ಸಂಘವು ತನ್ನ ಉಳಿತಾಯದಿಂದಲೇ ಭರಿಸಿಕೊಂಡು ಬಂದಿದೆ. ಆ ಹಣ ಯಂತ್ರಗಳ ದುರಸ್ತಿಗೆಂದು ಇಟ್ಟಿದ್ದದ್ದು.

ಹೊಸ ಲೆಕ್ಕ ಹೀಗಿದೆ. ಪ್ರತಿ ಯಂತ್ರಕ್ಕೂ ಗಂಟೆಗೆ ಎಷ್ಟು ಡೀಸೆಲ್ ಬೇಕೆಂದು ನಮ್ಮ ಚಾಲಕರ ಜೊತೆ ನಿಂತು ಅಳೆದಿದ್ದೇವೆ. ಬೆಳಿಗ್ಗೆ ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿ, ಗಂಟೆ ಮೀಟರಿನ ಅಂಕಿ ಬರೆದುಕೊಂಡು ಗದ್ದೆಗಿಳಿಸುವುದು, ಸಂಜೆ ಅದೇ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಮತ್ತೆ ಬಾಯಿಮಟ್ಟ ತುಂಬಿಸುವುದು, ಹಿಡಿದ ಲೀಟರನ್ನು ಓಡಿದ ಗಂಟೆಯಿಂದ ಭಾಗಿಸುವುದು. ನೀರು ಬಸಿದ ಗದ್ದೆಯಲ್ಲಿ ಕಡಿಮೆ, ಕಾಲು ಹೂಳುವ ಗದ್ದೆಯಲ್ಲಿ ಹೆಚ್ಚು, ಬೆಳೆ ಮಲಗಿದ್ದರೆ ಇನ್ನೂ ಹೆಚ್ಚು ಬೇಕಾಗುತ್ತದೆ. ಇವನ್ನೆಲ್ಲ ಸರಾಸರಿ ಹಿಡಿದು ರೋಟವೇಟರ್ ಹಾಗೂ ಕೇಜ್‌ವೀಲ್ ಕೆಲಸಕ್ಕೆ ಗಂಟೆಗೆ 6 ಲೀಟರ್, ಚೈನ್ ಕಟಾವು ಯಂತ್ರಕ್ಕೆ 10 ಲೀಟರ್ ಎಂದು ಒಪ್ಪಿಕೊಂಡಿದ್ದೇವೆ.

ನಮ್ಮ ಯಂತ್ರಗಳಿಗೆ ಎಣ್ಣೆ ಹಾಕಿಸುವ ಬಂಕಿನಲ್ಲಿ 2024ರ ಜೂನ್ 14ರಂದು ಇದ್ದ ದರವನ್ನು ಮೂಲ ದರವೆಂದು ಇಟ್ಟುಕೊಂಡು, ಅದಕ್ಕಿಂತ ಡೀಸೆಲ್ ಒಂದು ರೂಪಾಯಿ ಏರಿದರೆ ಟ್ರ್ಯಾಕ್ಟರ್ ಕೆಲಸಕ್ಕೆ ಗಂಟೆಗೆ 6 ರೂಪಾಯಿ, ಕಟಾವು ಯಂತ್ರಕ್ಕೆ 10 ರೂಪಾಯಿ ಸೇರುತ್ತದೆ. ಇಳಿದರೆ ಅಷ್ಟೇ ಕಳೆಯುತ್ತದೆ. ಇಂದಿನ ದರಕ್ಕೆ ಏರಿಕೆ ಐದು ರೂಪಾಯಿಯಾದ್ದರಿಂದ ರೋಟವೇಟರ್ ಬಾಡಿಗೆ ಗಂಟೆಗೆ 1,100 ರೂಪಾಯಿ ಇದ್ದದ್ದು 1,130 ಆಗುತ್ತದೆ, ಕಟಾವು ಯಂತ್ರದ್ದು 2,600 ಇದ್ದದ್ದು 2,650 ಆಗುತ್ತದೆ. ಬಂಕಿನ ದರ 2017ರ ಜೂನ್‌ನಿಂದ ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ ಬದಲಾಗಬಹುದಾದರೂ, ದಿನಕ್ಕೊಂದು ಬಾಡಿಗೆ ಹೇಳುವುದು ಯಾರಿಗೂ ಹಿತವಲ್ಲ. ಆದ್ದರಿಂದ ಪ್ರತಿ ತಿಂಗಳ 1ನೇ ತಾರೀಖಿನ ದರವನ್ನು ಪೈಸೆ ಬಿಟ್ಟು ಲೆಕ್ಕಕ್ಕೆ ಹಿಡಿದು, ಆ ದಿನದ ಬಂಕಿನ ರಸೀದಿಯನ್ನೂ ಆ ತಿಂಗಳ ಬಾಡಿಗೆಯನ್ನೂ ಕಚೇರಿಯ ಸೂಚನಾ ಫಲಕಕ್ಕೆ ಹಚ್ಚುತ್ತೇವೆ. ತಮಗೆ ಕೊಡುವ ಬಿಲ್ಲಿನಲ್ಲಿ ಮೂಲ ಬಾಡಿಗೆ ಒಂದು ಸಾಲಿನಲ್ಲಿ, ಡೀಸೆಲ್ ವ್ಯತ್ಯಾಸ ಇನ್ನೊಂದು ಸಾಲಿನಲ್ಲಿ ಇರುತ್ತದೆ. ಚಾಲಕರ ಭತ್ಯೆ, ಬಿಡಿಭಾಗ, ಕಚೇರಿ ಖರ್ಚು ಯಾವುದನ್ನೂ ಈ ಎರಡನೆಯ ಸಾಲಿಗೆ ಸೇರಿಸುವುದಿಲ್ಲ.

ಬೇಸಿಗೆ ಭತ್ತದ ಕಟಾವು ಇನ್ನೂ ನಡೆಯುತ್ತಿರುವುದರಿಂದ, ಮೇ 31ರೊಳಗೆ ಹೆಸರು ಬರೆಸಿದವರಿಗೆ ಮಳೆಯಿಂದಾಗಿ ಯಂತ್ರ ಜೂನ್‌ನಲ್ಲಿ ಬಂದರೂ ಹಳೆಯ ದರವೇ ಅನ್ವಯಿಸುತ್ತದೆ. ಅಕ್ಕಪಕ್ಕದ ಗದ್ದೆಯವರು ಒಂದೇ ದಿನಕ್ಕೆ ಹೆಸರು ಬರೆಸಿದರೆ ಯಂತ್ರವನ್ನು ಊರಿಂದೂರಿಗೆ ಸಾಗಿಸುವ ಖರ್ಚು ಹಂಚಿಹೋಗುತ್ತದೆ. ಡೀಸೆಲ್ ಏರಿಕೆಯ ಭಾರವನ್ನು ಸ್ವಲ್ಪವಾದರೂ ತಗ್ಗಿಸಲು ನಮ್ಮ ಕೈಯಲ್ಲಿರುವ ದಾರಿ ಇದೊಂದೇ ಎಂದು ಕಾಣುತ್ತದೆ. ಈ ವ್ಯವಸ್ಥೆಯ ಬಗ್ಗೆ ಆಕ್ಷೇಪಣೆ ಇದ್ದವರು ಲಿಖಿತವಾಗಿ ಕೊಡಬಹುದು. ಅವನ್ನು ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ಇಡಲಾಗುವುದು. ಡೀಸೆಲ್ ಅಳತೆಯನ್ನು ತಮ್ಮ ಗದ್ದೆಯಲ್ಲೇ ನಿಂತು ನೋಡಬೇಕೆನ್ನುವವರು ಹೆಸರು ಬರೆಸುವಾಗಲೇ ತಿಳಿಸಿದರೆ ಅದಕ್ಕೆ ಏರ್ಪಾಡು ಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)