ಸೀತಾಳೆಗೆ ಮಣ್ಣು ಬೇಡ ಮಾರಾಯ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೊ ನಿನ್ನೆ ಸಂಜೆ ನೋಡಿದೆ. ಇಲ್ಲಿ ಪುನರ್ವಸು ಮಳೆ ಹಿಡಿದುಕೊಂಡಿದೆ, ಮೂರು ದಿನದಿಂದ ಕರೆಂಟಿಲ್ಲ, ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕು. ಕೊಡೆ ಹಿಡಿದುಕೊಂಡು ಗೇರು ಮರದ ಬುಡದಲ್ಲಿ ನಿಂತು ಫೋಟೊ ತೆರೆದೆ. ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಎಷ್ಟು ಚಂದದ ಕುಂಡ! ಕೆಂಪು ಮಣ್ಣು, ಕೋಕೋಪೀಟು, ಮೇಲೆ ಎರೆಗೊಬ್ಬರ, ಸುತ್ತ ಬಿಳಿ ಕಲ್ಲು ಬೇರೆ. ಅದರ ನಡುವೆ ನಮ್ಮ ಸೀತಾಳೆ, ಮರದ ಮೇಲೆ ಬೆಳೆಯುವ ಆರ್ಕಿಡ್ ಗಿಡ, ಕುತ್ತಿಗೆವರೆಗೆ ಹೂತುಕೊಂಡು ಕೂತಿದೆ. ಕೆಳಗಿನ ಎರಡು ಎಲೆ ಹಳದಿ. "ದಿನಾ ಎರಡು ಹೊತ್ತು ನೀರು ಹಾಕ್ತಿದ್ದೀನಿ, ಆದ್ರೂ ಯಾಕೋ ಸೊರಗ್ತಿದೆ" ಅಂತ ಬರೆದಿದ್ದೀಯ. ಆದ್ರೂ ಅಲ್ಲ ಮಾರಾಯ, ಅದಕ್ಕೇ.

ತಪ್ಪು ನನ್ನದೂ ಇದೆ. ಮೇ ತಿಂಗಳ ಗಾಳಿಮಳೆಗೆ ಹಳ್ಳದ ಬದಿಯ ಅಪ್ಪೆಮಿಡಿ ಮಾವಿನ ಮರದ ಕೊಂಬೆ ಮುರಿದು ಬಿದ್ದಾಗ ನೀನು ಇಲ್ಲೇ ಇದ್ದೆ. ಹೂ ಬಿಟ್ಟಿದ್ದ ಗಿಡ ಕೊಂಬೆ ಸಮೇತ ಕೆಸರಲ್ಲಿತ್ತು. ನೀನು ಆಸೆಪಟ್ಟೆ. ಬಸ್ಸಿಗೆ ಹೊತ್ತಾಗಿತ್ತು, ಅಡಿಕೆ ಹಾಳೆಯಲ್ಲಿ ಸುತ್ತಿ ಕೊಟ್ಟುಬಿಟ್ಟೆ. ಹೇಗೆ ಸಾಕಬೇಕು ಅಂತ ಒಂದು ಮಾತೂ ಹೇಳಲಿಲ್ಲ. ಇಲ್ಲಿ ಅದನ್ನು ಯಾರೂ ಸಾಕುವುದಿಲ್ಲ ನೋಡು, ಮರದ ಮೇಲೆ ತನ್ನ ಪಾಡಿಗೆ ತಾನಿರುತ್ತದೆ. ಹಾಗಾಗಿ ಹೇಳಬೇಕು ಅಂತಲೇ ಹೊಳೆಯಲಿಲ್ಲ.

ಮೊದಲು ಕೆಲಸ ಹೇಳಿಬಿಡುತ್ತೇನೆ, ಪುರಾಣ ಆಮೇಲೆ. ಇದನ್ನು ಓದಿದ ಕೂಡಲೇ ಗಿಡವನ್ನು ಕುಂಡದಿಂದ ಎತ್ತು. ಎಳೆಯಬೇಡ, ಕುಂಡ ಮಗುಚಿ ಮಣ್ಣು ಉದುರಿಸು. ನಲ್ಲಿ ಕೆಳಗೆ ಹಿಡಿದು ಬೇರು ತೊಳೆ. ಆಮೇಲೆ ಒಂದೊಂದೇ ಬೇರನ್ನು ಬೆರಳಲ್ಲಿ ಒತ್ತಿ ನೋಡು. ಗಟ್ಟಿಯಾಗಿ, ಬೆಳ್ಳಗೋ ಹಸಿರಾಗೋ ಇದ್ದರೆ ಜೀವ ಇದೆ. ಕಂದು ಬಣ್ಣಕ್ಕೆ ತಿರುಗಿ, ಪಿಚಕ್ ಅಂತ ಅಮುಕಿಕೊಂಡು, ಸಿಪ್ಪೆ ಜಾರಿ ಒಳಗಿನ ದಾರದಂಥ ಎಳೆ ಮಾತ್ರ ಕೈಯಲ್ಲಿ ಉಳಿದರೆ ಅದು ಸತ್ತ ಬೇರು. ಕತ್ತರಿಯನ್ನು ಗ್ಯಾಸ್ ಒಲೆಯ ಉರಿಗೆ ಹಿಡಿದು, ಆರಿದ ಮೇಲೆ ಸತ್ತದ್ದನ್ನೆಲ್ಲ ಕತ್ತರಿಸಿ ಹಾಕು. ಕತ್ತರಿಸಿದ ತುದಿಗೆ ಚಕ್ಕೆ ಪುಡಿ ಒಂಚೂರು ಸವರು, ಅಡುಗೆಮನೆಯದ್ದೇ ಆಗುತ್ತದೆ. ಒಳ್ಳೆ ಬೇರಿಗೆ ತಾಗಿಸಬೇಡ, ಅದನ್ನೂ ಒಣಗಿಸಿಬಿಡುತ್ತದೆ. ಆಮೇಲೆ ಒಂದು ದಿನ ನೆರಳಲ್ಲಿ ಹಾಗೇ ಬಿಡು. ಸಾಯುತ್ತದೆ ಅಂತ ಗಾಬರಿ ಬೇಡ. ನಾಲ್ಕು ಒಳ್ಳೆ ಬೇರು ಉಳಿದಿದ್ದರೂ ಬದುಕಿಕೊಳ್ಳುತ್ತದೆ.

ಈ ಗಿಡದ ಗುಟ್ಟೆಲ್ಲ ಬೇರಿನಲ್ಲಿದೆ. ನಾವು ಬೇರು ಅಂದ ಕೂಡಲೇ ಮಣ್ಣು ಅಂದುಕೊಳ್ಳುತ್ತೇವೆ. ಇದರ ಬೇರು ಮಣ್ಣನ್ನು ಕಂಡದ್ದೇ ಇಲ್ಲ. ಅದರ ಮೇಲೆ ಬೆಳ್ಳಿ ಬಣ್ಣದ ಒಂದು ದಪ್ಪ ಹೊದಿಕೆ ಇರುತ್ತದೆ, ಸ್ಪಂಜಿನ ಹಾಗೆ. ಮಳೆ ಬಿದ್ದಾಗ ಗಬಗಬ ಹೀರಿಕೊಂಡು, ಆಮೇಲೆ ಗಾಳಿಗೆ ಒಣಗುತ್ತದೆ. ಒಣಗಿದ ಬೇರಿನ ಮೇಲೆ ನೀರು ಚಿಮುಕಿಸಿ ನೋಡು, ನಿನ್ನ ಕಣ್ಣೆದುರೇ ಬಿಳಿ ಹೋಗಿ ಹಸಿರು ಮೂಡುತ್ತದೆ. ಒಳಗೆ ಎಲೆಯಲ್ಲಿರುವಂಥ ಹಸಿರೇ ಇರುತ್ತದೆ, ಹೊದಿಕೆ ನೆನೆದಾಗ ಅದು ಕಾಣುತ್ತದೆ ಅಷ್ಟೆ. ಹೀಗೆ ನೆನೆದು ಒಣಗಿ, ಮತ್ತೆ ನೆನೆದು ಒಣಗುವುದೇ ಅದರ ಬದುಕು. ನಿನ್ನ ಕುಂಡದಲ್ಲಿ ಒಣಗುವುದೇ ಇಲ್ಲ. ಗಾಳಿ ಸಿಗದೆ ಕೊಳೆಯುತ್ತದೆ.

ಇನ್ನೊಂದು ಮಾತು. ಇದು ಬಂದಳಿಕೆ ಅಲ್ಲ. ಅಪ್ಪಯ್ಯ ಬಹಳ ವರ್ಷ ಹಾಗೇ ಅಂದುಕೊಂಡಿದ್ದರು, ಮಾವಿನ ಮರ ಹತ್ತಿದಾಗೆಲ್ಲ ಕತ್ತಿಯಲ್ಲಿ ಕೆತ್ತಿ ಬಿಸಾಕುತ್ತಿದ್ದರು. ಬಂದಳಿಕೆ ಮರದ ಒಳಕ್ಕೆ ಬೇರಿಳಿಸಿ ರಸ ಹೀರುತ್ತದೆ. ಸೀತಾಳೆ ತೊಗಟೆಯನ್ನು ಅಪ್ಪಿಕೊಂಡಿರುತ್ತದೆ, ಮರದ ಒಂದು ಹನಿಯನ್ನೂ ಕುಡಿಯುವುದಿಲ್ಲ. ತೊಗಟೆ ಮೇಲೆ ಇಳಿಯುವ ಮಳೆನೀರು, ಅದರಲ್ಲಿ ಬರುವ ಧೂಳು, ಕೊಳೆತ ಎಲೆ, ಹಕ್ಕಿ ಹಿಕ್ಕೆ, ಇಷ್ಟರಲ್ಲೇ ಸಂಸಾರ. ಇಷ್ಟು ಬಡತನದಲ್ಲಿ ವರ್ಷಾನುಗಟ್ಟಲೆ ಬದುಕುವ ಗಿಡಕ್ಕೆ ನೀನು ಎರೆಗೊಬ್ಬರ ಉಣ್ಣಿಸಿದರೆ ಅಜೀರ್ಣ ಆಗದೆ ಇನ್ನೇನು?

ನಗಬೇಡ, ನಾನೂ ಒಂದನ್ನು ಕೊಂದವನೇ. ಕೆಲಸ ಬಿಟ್ಟು ಊರಿಗೆ ಬಂದ ವರ್ಷ, ಕಟ್ಟಿಗೆ ಕಡಿದಲ್ಲಿ ಬಿದ್ದಿದ್ದ ಒಂದು ಗಿಡ ತಂದು ಜಗಲಿ ಕಂಬಕ್ಕೆ ಕಟ್ಟಿದ್ದೆ. ನೆಟ್ಟಗೆ, ಎಲೆ ಆಕಾಶಕ್ಕೆ ಮುಖ ಮಾಡಿಕೊಂಡು ನಿಲ್ಲುವ ಹಾಗೆ. ದಿನಾ ಸಂಜೆ ಚೊಂಬಿನಲ್ಲಿ ತಲೆ ಮೇಲೆ ನೀರು, ವಾರಕ್ಕೊಮ್ಮೆ ಸಗಣಿ ನೀರು. ಅದಕ್ಕೆ ಅಭಿಷೇಕ ಮಾಡುತ್ತಿದ್ದೀಯಾ ಅಂತ ಅಮ್ಮ ಕೇಳಿದ್ದಳು. ತಿಂಗಳಾಗುವಷ್ಟರಲ್ಲಿ ನಡುವಿನ ಎಳೆ ಎಲೆ ಮುಟ್ಟಿದರೆ ಕೈಗೇ ಬಂತು, ಬುಡದಲ್ಲಿ ಕೊಳೆತ ವಾಸನೆ. ಈ ಗಿಡಕ್ಕೆ ಇರುವುದು ಒಂದೇ ಸುಳಿ, ತೆಂಗಿನ ಮರದ ಹಾಗೆ. ಹೊಸ ಎಲೆ ಬರುವುದು ಅಲ್ಲಿಂದಲೇ. ಅಲ್ಲಿ ನೀರು ನಿಂತು ಕೊಳೆತರೆ, ಪುಣ್ಯ ಇದ್ದರೆ ಪಕ್ಕದಿಂದ ಒಂದು ಮರಿ ಬರಬಹುದು, ಇಲ್ಲದಿದ್ದರೆ ಮುಗೀತು. ನನಗೆ ಪುಣ್ಯ ಇರಲಿಲ್ಲ. ಆಮೇಲೆ ಮರದ ಮೇಲೆ ಸರಿಯಾಗಿ ನೋಡಿದೆ. ಗಿಡ ಒಂದು ಬದಿಗೆ ವಾಲಿಕೊಂಡು ಜೋತಾಡುತ್ತಿರುತ್ತದೆ, ಸುಳಿಗೆ ಬಿದ್ದ ನೀರು ಬಳಬಳ ಇಳಿದುಹೋಗುತ್ತದೆ. ನೀನೂ ಹಾಗೇ ಓರೆಯಾಗಿ ಕಟ್ಟು.

ಯಾವುದಕ್ಕೆ ಕಟ್ಟುವುದು ಅಂತ ಕೇಳುತ್ತೀಯ. ತೊಗಟೆ ಒರಟಾಗಿರುವ, ಬೇಗ ಸುಲಿಯದ ಮರದ ತುಂಡು ಆಗಬೇಕು. ಮಾವು, ಹಲಸು ಒಳ್ಳೆಯದು. ಪೇರಳೆ, ನೀಲಗಿರಿ ಬೇಡ, ಅವು ಸಿಪ್ಪೆ ಕಳಚುತ್ತಲೇ ಇರುತ್ತವೆ. ನಿನ್ನ ಬೀದಿಯಲ್ಲಿ ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿದು ರಾಶಿ ಹಾಕಿರುತ್ತಾರಲ್ಲ, ಅದರಲ್ಲಿ ಹುಡುಕು. ಸಿಗದಿದ್ದರೆ ಮರದ ಪಟ್ಟಿಯ ಬುಟ್ಟಿಗೆ ಇದ್ದಿಲು, ಒಡೆದ ಹಂಚಿನ ಚೂರು ತುಂಬಿ ಅದರ ಮೇಲೆ ಕೂರಿಸು. ಹಳೆ ಹತ್ತಿ ಸೀರೆಯ ಪಟ್ಟಿ ಹರಿದು ಕಟ್ಟು, ಅಲುಗಾಡದ ಹಾಗೆ ಬಿಗಿ ಇರಲಿ. ಅಲುಗಾಡಿದರೆ ಹೊಸ ಬೇರಿನ ತುದಿ ಉಜ್ಜಿ ಹಾಳಾಗುತ್ತದೆ. ತಾಮ್ರದ ತಂತಿ ಮಾತ್ರ ಬೇಡವೇ ಬೇಡ, ಆರ್ಕಿಡ್ ಜಾತಿಯ ಗಿಡಗಳಿಗೆ ತಾಮ್ರ ಆಗಿಬರುವುದಿಲ್ಲ. ಎರಡು ಮೂರು ತಿಂಗಳಲ್ಲಿ ಬೇರು ಕಚ್ಚಿಕೊಂಡ ಮೇಲೆ ಬಟ್ಟೆ ಬಿಚ್ಚಿಬಿಡು.

ಹಲಸು ಅಂದಾಗ ನೆನಪಾಯಿತು. ಮಲಬಾರಿನ ಗಿಡಗಳ ಬಗ್ಗೆ ಲ್ಯಾಟಿನ್‌ನಲ್ಲಿ ಬಂದ ಹಳೆಯ ಪುಸ್ತಕ 'ಹೋರ್ಟಸ್ ಮಲಬಾರಿಕಸ್'ನ, 1693ರಲ್ಲಿ ಅಚ್ಚಾದ 12ನೇ ಸಂಪುಟದಲ್ಲಿ ಈ ಗಿಡದ ಚಿತ್ರ ಇದೆ. ಅಲ್ಲಿ ಅದರ ಹೆಸರು 'ಆಂಜಿಲಿ ಮರವಾರ'. ಆಂಜಿಲಿ ಅಂದರೆ ಮಲಯಾಳದಲ್ಲಿ ನಮ್ಮ ಹೆಬ್ಬಲಸು, ಮರವಾರ ಅಂದರೆ ಮರಬಾಳೆ, ಮರದ ಮೇಲಿನ ಆರ್ಕಿಡ್. ಹೆಬ್ಬಲಸಿನ ಮೇಲಿನ ಮರಬಾಳೆ ಅಂತ ಹೆಸರಲ್ಲೇ ವಿಳಾಸ ಬರೆದಿಟ್ಟಿದ್ದಾರೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಲ್ಯಾಟಿನ್ ಹೆಸರು ಕೊಡುವಾಗ ಈ ಚಿತ್ರವೂ ಅವನ ಆಧಾರ. ಈಗಿನ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸಾ. ನನ್ನ ಬಾಯಿಗೆ ಒಗ್ಗುವುದಿಲ್ಲ. ಸೀತಾಳೆ ದಂಡೆ ಅಂದರೆ ಸಾಕು, ಸೀತೆ ವನವಾಸದಲ್ಲಿ ಮುಡಿದ ದಂಡೆ ಅಂತ ಅಜ್ಜಿ ಹೇಳುತ್ತಿದ್ದಳು.

ನೀರಿನ ವಿಷಯ. ಬೆಳಗ್ಗೆ ಹೊತ್ತು ಬೇರಿಗೆ ಸ್ಪ್ರೇ ಮಾಡು, ಸಂಜೆ ಬೇಡ. ಬೆಂಗಳೂರಲ್ಲಿ ಈಗ ಮೋಡ, ತುಂತುರು ಅಲ್ವಾ, ಬೇರು ಬೆಳ್ಳಗಾದರೆ ಮಾತ್ರ ಹಾಕು. ಚಳಿಗಾಲದಲ್ಲಿ ದಿನ ಬಿಟ್ಟು ದಿನ ಸಾಕು. ಮಾರ್ಚ್, ಏಪ್ರಿಲ್‌ನ ಒಣ ಬಿಸಿಲಿಗೆ ದಿನಾ ಬೇಕು, ಆಗ ವಾರಕ್ಕೊಮ್ಮೆ ತುಂಡಿನ ಸಮೇತ ಬೇರನ್ನು ಬಕೆಟ್ಟಿನಲ್ಲಿ ಹತ್ತು ನಿಮಿಷ ಅದ್ದಿಡು, ಸುಳಿ ಮೇಲಿರಲಿ. ನಿಮ್ಮ ಬೋರ್‌ವೆಲ್ ನೀರು ಬಕೆಟ್ಟಿಗೇ ಬಿಳಿ ಉಪ್ಪು ಕಟ್ಟುತ್ತದೆ, ಬೇರನ್ನು ಬಿಡುತ್ತದಾ? ಟೆರೇಸಿನ ಮಳೆನೀರು ಎರಡು ಕ್ಯಾನ್ ಹಿಡಿದಿಟ್ಟುಕೊ.

ನಿನ್ನ ಬಾಲ್ಕನಿ ಪೂರ್ವಕ್ಕಿದೆ, ಒಳ್ಳೆಯದಾಯಿತು. ಬೆಳಗಿನ ಬಿಸಿಲು ಬೀಳಲಿ, ಹತ್ತರ ಮೇಲಿನದ್ದು ಬೇಡ. ಎಲೆ ಕಡು ಹಸಿರಾಗಿ ಮಿಂಚುತ್ತಿದ್ದರೆ ಬೆಳಕು ಸಾಲದು ಅಂತ ಅರ್ಥ, ನೋಡಲು ಚಂದ, ಹೂ ಮಾತ್ರ ಬರುವುದಿಲ್ಲ. ಸ್ವಲ್ಪ ತಿಳಿ ಹಸಿರು ಇದ್ದರೆ ಸರಿ. ಗೊಬ್ಬರ ಹಾಕದಿದ್ದರೂ ನಡೆಯುತ್ತದೆ. ಕೈ ಕಡಿಯುತ್ತಿದ್ದರೆ, ಹೊಸ ಬೇರು ಬಂದ ಮೇಲೆ, 19:19:19 ಅನ್ನುವ, ನೀರಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂನಂತೆ ಕರಗಿಸಿ ಹದಿನೈದು ದಿನಕ್ಕೊಮ್ಮೆ, ಅದೂ ಬೇರು ಮೊದಲೇ ನೆನೆದಿರುವಾಗ. ಚಳಿಗಾಲದಲ್ಲಿ ಅದೂ ಬೇಡ. ಬಸವನಹುಳುವಿಗೆ ಬೇರಿನ ಹಸಿರು ತುದಿ ಅಂದರೆ ಪ್ರಾಣ, ಮೂರನೇ ಮಹಡಿಗೂ ಬೇರೆ ಕುಂಡದ ಜೊತೆ ಬಂದುಬಿಡುತ್ತದೆ. ಎಲೆ ಸಂದಿಯಲ್ಲಿ ಹಿಟ್ಟುತಿಗಣೆ ಕಂಡರೆ ಒದ್ದೆ ಹತ್ತಿಯಲ್ಲಿ ಒರೆಸು.

ಬರುವ ವರ್ಷವೇ ಹೂ ಬರಲಿ ಅಂತ ಕಾಯಬೇಡ. ಪೆಟ್ಟು ತಿಂದ ಗಿಡ, ಮೊದಲು ಬೇರು ಮಾಡಿಕೊಳ್ಳಬೇಕು. ಬಂದರೆ ಏಪ್ರಿಲ್ ಹೊತ್ತಿಗೆ ಎಲೆಯ ಬುಡದಿಂದ ಹಸಿರು ಬೆರಳಿನಂಥದ್ದೊಂದು ಇಣುಕುತ್ತದೆ. ಮೊದಲು ಬೇರು ಅಂತಲೇ ಅನಿಸುತ್ತದೆ. ಆಮೇಲೆ ಅದರ ಮೈತುಂಬ ಸಾಸಿವೆಯಂಥ ಮೊಗ್ಗು. ಆ ಹೊತ್ತಿನಲ್ಲಿ ಗಿಡದ ಜಾಗ ಬದಲಿಸಬೇಡ. ಅರಳಿದಾಗ ಒಂದೇ ದಂಡೆಯಲ್ಲಿ ನೂರಕ್ಕೂ ಜಾಸ್ತಿ ಹೂ, ನರಿಬಾಲದ ಹಾಗೆ ಕೆಳಗೆ ಇಳಿಬಿದ್ದಿರುತ್ತದೆ. ದೂರದಿಂದ ತಿಳಿ ನೇರಳೆ. ಕನ್ನಡಕ ತೆಗೆದು ಹತ್ತಿರ ಹೋಗಿ ಒಂದೇ ಹೂ ನೋಡು: ಬಿಳಿ ಎಸಳು, ಅದರ ಮೇಲೆ ಯಾರೋ ಕುಂಚ ಕೊಡವಿದ ಹಾಗೆ ನೇರಳೆ ಚುಕ್ಕಿ, ನಡುವೆ ಗಾಢ ನೇರಳೆಯ ನಾಲಗೆ, ಅದರ ಮೇಲೆ ಹಕ್ಕಿಯ ಕೊಕ್ಕಿನಂಥ ಪುಟ್ಟ ಮೂತಿ. ಎರಡು ವಾರ ಇರುತ್ತದೆ. ಅಸ್ಸಾಮಿನಲ್ಲಿ ಇದು ರಾಜ್ಯದ ಹೂ, ಕೊಪೌ ಫುಲ್ ಅನ್ನುತ್ತಾರೆ, ಏಪ್ರಿಲ್‌ನ ಬಿಹು ಕುಣಿತಕ್ಕೆ ಹುಡುಗಿಯರು ತುರುಬಿಗೆ ಸುತ್ತಿಕೊಳ್ಳುತ್ತಾರೆ. ಇಲ್ಲಿ ಈಗ ಮುಡಿಯುವವರು ಕಡಿಮೆ. ಅಮ್ಮ ಮಾತ್ರ ಮೊದಲ ದಂಡೆಯನ್ನು ದೇವರಿಗೆ ಅಂತ ಈಗಲೂ ಕೊಯ್ಯಿಸುತ್ತಾಳೆ.

ಇನ್ನು ನಿನ್ನ ಆಫೀಸಿನವರಿಗೂ ಬೇಕು, ನಾಲ್ಕು ಗಿಡ ಕಳಿಸು ಅಂದಿದ್ದೀಯಲ್ಲ, ಅದಾಗುವುದಿಲ್ಲ. ಕಾಡಿನಿಂದ ಕೀಳುವ ಹಾಗಿಲ್ಲ, ಕೀಳುವುದೂ ಇಲ್ಲ. ಇದರ ಬೀಜ ಹಿಟ್ಟಿನಂಥ ಧೂಳು, ಒಂದು ಕಾಯಿಯಲ್ಲಿ ಸಾವಿರಗಟ್ಟಲೆ ಇರುತ್ತದೆ, ಆದರೆ ಒಳಗೆ ಬುತ್ತಿಯೇ ಇಲ್ಲ. ತೊಗಟೆಯಲ್ಲಿ ತಕ್ಕ ಶಿಲೀಂಧ್ರ ಸಿಕ್ಕಿ ಅದು ಊಟ ಕೊಟ್ಟರೆ ಮಾತ್ರ ಮೊಳಕೆ. ಹಾಗೆ ಮೊಳೆತದ್ದು ಹೂ ಬಿಡುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ನಾವು ಐದು ನಿಮಿಷದಲ್ಲಿ ಕಿತ್ತು ಗೋಣಿಗೆ ತುಂಬುವುದು ಅದನ್ನೇ. ಘಾಟಿ ರಸ್ತೆಯ ಬದಿ ಕಟ್ಟು ಕಟ್ಟಿ ಮಾರುವುದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ನಿನ್ನ ಆಫೀಸಿನವರಿಗೆ ಆಸೆ ಇದ್ದರೆ ಲ್ಯಾಬಿನಲ್ಲಿ ಬೆಳೆಸಿದ ಸಸಿ ಮಾರುವ ನರ್ಸರಿಯಲ್ಲಿ ಕೊಳ್ಳಲಿ.

ಆ ಕೊಂಬೆಯಲ್ಲಿ ಇನ್ನೂ ಮೂರು ಗಿಡ ಇದ್ದವು, ನೆನಪಿದೆಯಾ? ನೀನು ಹೋದ ಮಾರನೆ ದಿನ ಅದೇ ಅಪ್ಪೆ ಮರದ ಇನ್ನೊಂದು ಕೊಂಬೆಗೆ ಕಟ್ಟಿದೆ. ಈ ಮಳೆಗೆ ಎರಡು ಗಿಡ ಬೇರು ಬಿಟ್ಟಿವೆ, ತುದಿ ಎಳೆ ಹಸಿರು, ಮೊನ್ನೆ ಏಣಿ ಹಾಕಿ ನೋಡಿ ಬಂದೆ. ಮೂರನೆಯದರ ಬಗ್ಗೆ ನನಗೂ ಧೈರ್ಯ ಇಲ್ಲ.

ನಿನ್ನ ಬೇರಿನ ಫೋಟೊ ತೆಗೆದು ಕಳಿಸು, ಕತ್ತರಿಸುವ ಮುಂಚೆ ಒಂದು, ಆಮೇಲೆ ಒಂದು. ನಾಳೆ ಸಂಜೆ ಗುಡ್ಡ ಹತ್ತುತ್ತೇನೆ. ಕುಂಡ ಖಾಲಿ ಆಯಿತಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ, ಅಷ್ಟು ಒಳ್ಳೆ ಮಣ್ಣಿಗೆ ಕೊತ್ತಂಬರಿ ಬೀಜ ಹಾಕು ಅಂತ ಅಮ್ಮ ಹೇಳುತ್ತಿದ್ದಾಳೆ.

ನಿನ್ನ,
ಅಪ್ಪೆ ಮರದ ಮನೆಯವನು