ಭೋಜನದ ಲೋಟ ನಡುಗಿದ ಭಾನುವಾರ

ಮಾನ್ಯ ಸಂಪಾದಕರೇ,

ಚರ್ಚುಗಳಿಗೆ ಡ್ರಮ್ಸ್, ಗಿಟಾರ್ ಬಂದು ಭಯಭಕ್ತಿ ಹೋಯಿತು ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಯಲ್ಲಿ ಬರೆದಿದ್ದರು. ಧಾರವಾಡ ಸೀಮೆಯ ಒಂದು ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚಿನ ಸಭೆಯಲ್ಲಿ 31 ವರ್ಷ ಪೇಟಿ (ಹಾರ್ಮೋನಿಯಂ) ಬಾರಿಸಿದವನು ನಾನು. ಅವರ ಸಂಕಟ ನನ್ನದೂ ಹೌದು. ಆದರೆ ಅವರು ಕಳ್ಳನನ್ನು ಬಿಟ್ಟು ಪಕ್ಕದ ಮನೆಯವನನ್ನು ಹಿಡಿದಿದ್ದಾರೆ.

ಕಳೆದ ತಿಂಗಳ ಮೊದಲ ಭಾನುವಾರ ಕರ್ತನ ಭೋಜನವಿತ್ತು, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ. ಕೊರೊನಾ ಬಂದ ಮೇಲೆ ನಮ್ಮಲ್ಲಿ ಎಲ್ಲರೂ ಒಂದೇ ಪಾತ್ರೆಯಿಂದ ಕುಡಿಯುವುದು ನಿಂತು, ಹೆಬ್ಬೆರಳಿನಷ್ಟೇ ಇರುವ ಗಾಜಿನ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸಿ ತರುತ್ತಾರೆ. ಮೊಣಕಾಲೂರಿ ಕೂತಿದ್ದೆ. ಎಡಕ್ಕೆ ಒಂದು ಮಾರು ದೂರದಲ್ಲಿ ಬೇಸ್ ಸ್ಪೀಕರ್. ಡ್ರಮ್ಮಿನ ಪೆಡಲ್ ಬಿದ್ದಾಗಲೆಲ್ಲ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ದ್ರಾಕ್ಷಾರಸದ ಮೇಲೆ ಸಣ್ಣ ಸಣ್ಣ ಉಂಗುರ ಏಳುತ್ತಿತ್ತು. ಅಯ್ಯನವರು (ನಮ್ಮ ಪಾದ್ರಿ) ಲೋಟ ಕೊಡುವಾಗ ಹೇಳುವ ಮಾತು ಹೇಳಿದರು. ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ತಿಂಗಳಿಗೊಮ್ಮೆ ಕಿವಿಗೆ ಬೀಳಬೇಕಾದ ಮಾತು ಅದು.

ಹಾಗೆಂದು ಡ್ರಮ್ಸನ್ನು ಹೊರಗೆ ಹಾಕಿ ಎನ್ನಲು ನನಗೆ ಬಾಯಿಲ್ಲ. ಬೈಬಲಿನ 150ನೇ ಕೀರ್ತನೆ ತೆರೆದು ನೋಡಿ: ತುತೂರಿ, ಕಿನ್ನರಿ, ದಮ್ಮಡಿ, ತಾಳ ಎಲ್ಲ ಇವೆ, ಕುಣಿತವೂ ಇದೆ. ಕಥೋಲಿಕರಲ್ಲಿ ಹತ್ತನೇ ಪಯಸ್ ಪೋಪರು 1903ರಲ್ಲಿ ಡ್ರಮ್, ತಾಳಗಳ ಜೊತೆ ಪಿಯಾನೋವನ್ನೂ ಚರ್ಚಿನೊಳಗೆ ಬೇಡ ಎಂದಿದ್ದರು. ಅರವತ್ತು ವರ್ಷದ ಮೇಲೆ ಅವರದೇ ಬಿಷಪರು ಕೂಡಿದ ವ್ಯಾಟಿಕನ್ ಮಹಾಸಭೆ, ಆರಾಧನೆಗೆ ಒಗ್ಗುವಂಥ ಬೇರೆ ವಾದ್ಯಗಳೂ ಬರಲಿ ಎಂದಿತು. ನನ್ನ ಪೇಟಿಯ ಹಣೆಬರಹ ಇನ್ನೂ ತಮಾಷೆಯದು. ಪರದೇಶಿ, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬಾರದ ವಾದ್ಯ ಎಂದು ಆಕಾಶವಾಣಿ ಅದನ್ನು 1940ರಿಂದ 1971ರವರೆಗೆ ಬಾಗಿಲ ಹೊರಗೇ ನಿಲ್ಲಿಸಿತ್ತು. ಈಗ ನಾವು ಅದನ್ನೇ ‘ನಮ್ಮ ಹಳೇ ಸಂಪ್ರದಾಯ’ ಎನ್ನುತ್ತೇವೆ.

ಹಳೆಯದೆಲ್ಲ ಚೊಕ್ಕವಾಗಿತ್ತೆಂದೂ ಹೇಳಲಾರೆ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಶನ್ನಿನ ಪಾದ್ರಿಗಳ ಜೊತೆ ಜರ್ಮನ್ ರಾಗಗಳೂ ಬಂದವು. ಆ ರಾಗಕ್ಕೆ ಕನ್ನಡದ ಮಾತು ತೊಡಿಸಿದಾಗ ಎಷ್ಟೋ ಕಡೆ ಲಘುವಿನ (ಗಿಡ್ಡ ಅಕ್ಷರದ) ಮೇಲೆ ಉದ್ದ ಸ್ವರ ಬಂದು ಕೂತಿತು. ನಮ್ಮಜ್ಜಿ ‘ದೇವರು’ ಎನ್ನುವುದನ್ನು ‘ದೇವಾರು’ ಎಂದೇ ಹಾಡುತ್ತಿದ್ದಳು, ನಾವು ಮಕ್ಕಳು ಬೆಂಚಿನಡಿ ತಲೆ ಹಾಕಿ ನಗುತ್ತಿದ್ದೆವು. ನಿಘಂಟಿನ ಕಿಟ್ಟೆಲ್ಲರನ್ನು ಎಲ್ಲರೂ ಬಲ್ಲರು. ಅವರೇ 1862ರಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ‘ಕಥಾಮಾಲೆ’ ಎಂದು ಬರೆದದ್ದು ಸಭೆಯವರಿಗೇ ಗೊತ್ತಿಲ್ಲ. ಆ ದಾರಿ ಹಿಡಿದಿದ್ದರೆ ಅಜ್ಜಿಯ ‘ದೇವರು’ ನೆಟ್ಟಗಿರುತ್ತಿದ್ದ.

ಆದರೆ ಅಜ್ಜಿ ಹಾಡುತ್ತಿದ್ದಳಲ್ಲ! ಅವಳಿಗೆ ಓದಲು ಬರುತ್ತಿರಲಿಲ್ಲ. ಹಾಡಿನ ಪುಸ್ತಕದ ನಂಬರ್ ಕೂಗಿದರೆ ಸಾಕು, ಐದು ಚರಣ ಬಾಯಲ್ಲಿ. ಗಂಡಸರ ಬೆಂಚಿನಿಂದ ದಪ್ಪ ದನಿ ಏಳುತ್ತಿತ್ತು. ನನ್ನ ಪೇಟಿ ಆ ದನಿಗಳ ಹಿಂದೆ ಏದುಸಿರು ಬಿಡುತ್ತ ಓಡುತ್ತಿತ್ತು. ಈಗ ಪರದೆಯ ಮೇಲೆ ಸಾಲು ಬರುತ್ತದೆ, ಮೈಕ್ ಹಿಡಿದ ಐದು ಮಂದಿ ಹಾಡುತ್ತಾರೆ, ಇನ್ನೂರು ಮಂದಿ ನೋಡುತ್ತಾರೆ. ನನ್ನ ದನಿ ನನಗೇ ಕೇಳದಿದ್ದರೆ ನಾನಾದರೂ ಯಾಕೆ ಬಾಯಿ ತೆರೆಯಲಿ? ಮೌನ ಪ್ರಾರ್ಥನೆ ಎಂದು ಕರೆದಾಗಲೂ ಕೀಬೋರ್ಡ್ ಸುಮ್ಮನಿರುವುದಿಲ್ಲ, ಧಾರಾವಾಹಿಯಲ್ಲಿ ಅಳುವ ದೃಶ್ಯಕ್ಕೆ ಬಾರಿಸಿದಂತೆ ಎಳೆಯುತ್ತಲೇ ಇರುತ್ತದೆ. ಕಳ್ಳ ಇರುವುದು ಸೌಂಡ್ ಏರಿಸಿ ಇಳಿಸುವ ಮಿಕ್ಸರಿನ ಗುಂಡಿಯಲ್ಲಿ.

ಇದನ್ನೇ ಸಭೆಯ ಸಮಿತಿಗೆ ಬರೆದುಕೊಟ್ಟೆ. ಸೌಂಡ್ ಇಳಿಸಿದರೆ ಹುಡುಗರು ಬೇರೆ ಸಭೆ ನೋಡಿಕೊಳ್ಳುತ್ತಾರೆ ಎಂದರು.

ಕೊನೆಗೆ ಡ್ರಮ್ಸ್ ಬಾರಿಸುವ ಹುಡುಗನ ಹತ್ತಿರ ನಾನೇ ಹೋದೆ. ಅವನ ಅಪ್ಪನಿಗೆ ಏಳನೇ ಇಯತ್ತೆಯಲ್ಲಿ ಗಣಿತ ಕಲಿಸಿದ ಸಲಿಗೆ. ಲೋಟ ನಡುಗಿದ್ದನ್ನು ಹೇಳಿದೆ. ಅವನ ಮುಖ ಸಣ್ಣದಾಯಿತು. “ಖರೇನ ಅಜ್ಜಾರ? ನನಗ ಕಿವ್ಯಾಗ ಇಯರ್‌ಫೋನ್ ಇರ್ತದ್ರಿ, ಹೊರಗ ಹೆಂಗ ಕೇಳತದೋ ಗೊತ್ತಾಗಂಗಿಲ್ಲ” ಎಂದ. ಮುಂದಿನ ಭೋಜನದ ದಿನ ಬೇಸ್ ಸ್ಪೀಕರಿನ ವಾಯರ್ ಕಿತ್ತಿಡುತ್ತಾನಂತೆ. ಸಮಿತಿಯವರಿಗೆ ಮಾತ್ರ ಹೇಳಬೇಡಿ ಎಂದಿದ್ದಾನೆ. ಆದ್ದರಿಂದ ಈ ಪತ್ರದ ಕೆಳಗೆ ದಯವಿಟ್ಟು ನನ್ನ ಹೆಸರು ಹಾಕಬೇಡಿ.

– ಒಬ್ಬ ನಿವೃತ್ತ ಶಿಕ್ಷಕ, ಧಾರವಾಡ ಜಿಲ್ಲೆ