ನೇಪಾಳ ಟೂರಿನ ಪಾಂಪ್ಲೆಟ್‌ನಲ್ಲಿ ದುಡ್ಡಿನ ವಿಷ್ಯ ಯಾಕಿಲ್ಲ?

ಮಾನ್ಯ ಸಂಪಾದಕರೇ,

ಪೇಪರ್ ಒಳಗೆ ಮಡಚಿ ಇಟ್ಟು ಬರೋ ಪಾಂಪ್ಲೆಟ್ ನೀವೂ ನೋಡಿರ್ತೀರಿ, ಕಾಶಿ, ಗಯಾ, ಅಯೋಧ್ಯೆ ಜೊತೆಗೆ ನೇಪಾಳದ ಪಶುಪತಿನಾಥ, ಮುಕ್ತಿನಾಥ, ನಮ್ಮ ಕಡೆ ಅಡುಗೆಯೋರೇ ಬರ್ತಾರೆ, ಒಂದು ಹೊತ್ತು ಮುದ್ದೆ ಗ್ಯಾರಂಟಿ ಅಂತೆಲ್ಲಾ. ಕಿಟಕಿ ಸೀಟಿಗೆ ಎಕ್ಸ್‌ಟ್ರಾ ಎಷ್ಟು ಅನ್ನೋದೂ ಇರುತ್ತೆ. ಆದ್ರೆ ಬಾರ್ಡರ್ ದಾಟಿದ್ಮೇಲೆ ಯಾವ ನೋಟು ನಡೆಯುತ್ತೆ, ದುಡ್ಡು ಹೆಂಗೆ ಇಟ್ಕೋಬೇಕು ಅಂತ ಒಂದು ಸಾಲೂ ಇರಲ್ಲ. ಮಂಡ್ಯ, ಮದ್ದೂರು, ಪಾಂಡವಪುರ ಕಡೆಯಿಂದ ಕಬ್ಬಿನ ಬಿಲ್ ಬಂದ್ಮೇಲೆ ಬಸ್ಸುಗಟ್ಟಲೆ ಹೋಗ್ತಾರೆ, ಹೆಚ್ಚಿನೋರು ವಯಸ್ಸಾದವರು, ಕೈಲಿರೋದೆಲ್ಲಾ ಐನೂರರ ನೋಟು.

ಅಲ್ಲಿ ನಮ್ಮ ದೊಡ್ಡ ನೋಟಿನ ತಕರಾರು ಹಳೇದು. 2016ರ ನವೆಂಬರ್ 8ಕ್ಕೆ ಇಲ್ಲಿ ಹಳೇ 500, 1000 ಬಂದ್ ಆದಾಗ ನೇಪಾಳದ ಜನರ ಹತ್ರ, ಬ್ಯಾಂಕ್‌ಗಳ ಹತ್ರ ಇದ್ದ ನಮ್ಮ ನೋಟು ಹಂಗೇ ಸಿಕ್ಕಾಕ್ಕೊಂಡ್ವು, ಆ ಬಿಸಿ ತಟ್ಟಿದೋರು ಸುಮ್ನೆ ನಂಬ್ತಾರಾ? 2018ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ 100ಕ್ಕಿಂತ ದೊಡ್ಡ ಭಾರತದ ನೋಟೇ ಬೇಡ ಅಂತು. ಆಮೇಲೆ ಅದನ್ನ ಸಡಿಲ ಮಾಡೋ ಮಾತೂ ಬಂತು, ಅದ್ಕೇ ಹೊರಡೋ ವಾರ ಏನು ರೂಲ್ಸ್ ಇದೆ ಅಂತ ಕೇಳ್ಕೊಂಡೇ ಹೋಗ್ಬೇಕು. ನೂರರ ನೋಟು ತಗೊಂಡೋದ್ರೆ ಈ ತಲೆನೋವೇ ಇಲ್ಲ. ಆದ್ರೆ ಇಲ್ಲಿ ಅದು ಸಿಗಬೇಕಲ್ಲ! ಎಟಿಎಂ ಹೆಚ್ಚಾಗಿ ಐನೂರೇ ಕೊಡುತ್ತೆ, ನಮ್ಮ ಪಕ್ಕದ ಮನೆಯೋರು ನೂರರ ಒಂದು ಕಟ್ಟು ಕೇಳಿದ್ರೆ ಅವ್ರ ಬ್ಯಾಂಕಿನೋರು ನಾಳೆ ಬನ್ನಿ ನಾಳೆ ಬನ್ನಿ ಅಂತ ಟೂರ್ ಹೊರಡೋ ದಿನದವರೆಗೂ ಎಳೆದ್ರು. ನಾನೂ ಕ್ಯಾಶ್ ಕೌಂಟರಲ್ಲಿ ಕೂತು ರಿಟೈರ್ ಆದೋನೇ, ಅದೇನು ಅಂಥ ಘನಂದಾರಿ ಕೆಲ್ಸ ಅಲ್ಲ ಸ್ವಾಮಿ.

ಇನ್ನು ಲೆಕ್ಕ. ಅಲ್ಲಿ ನಮ್ಮ ದುಡ್ಡಿಗೆ ಐಸಿ, ಅವ್ರ ದುಡ್ಡಿಗೆ ಎನ್‌ಸಿ ಅಂತಾರೆ, ನಮ್ಮ 100ಕ್ಕೆ ಅವ್ರದ್ದು 160, 1993ರಿಂದ ಇದೇ ರೇಟು. ನೇಪಾಳ ಗಡಿಯ ಸುನೌಲಿ ಗೇಟ್ ಹತ್ರ ಯಾರಾದ್ರೂ 145, 150 ಅಂದ್ರೆ ಮುಂದಕ್ಕೆ ನಡೀರಿ. ಪೋಖರಾದಲ್ಲಿ ಶಾಲು 1600 ಅಂದ್ರೆ ಮೊದ್ಲು ಐಸಿನಾ ಎನ್‌ಸಿನಾ ಅಂತ ಕೇಳಿ, ಎನ್‌ಸಿ ಆದ್ರೆ ನಮ್ಮದು ಸಾವಿರವೇ, ಕೇಳದೆ 1600 ಎಣಿಸಿ ಕೊಟ್ರೆ ಆರ್ನೂರು ಅಲ್ಲೇ ಹೋಯ್ತು. ಅವ್ರ ನೋಟಿನ ಮುಂದ್ಗಡೆ ಅಂಕಿ ದೇವನಾಗರಿಲಿರುತ್ತೆ, ನಮ್ಮ ಅಜ್ಜಿಯಂದಿರಿಗೆ ಗೊತ್ತಾಗಲ್ಲ. ಹಿಂದೆ ತಿರುಗಿಸಿದ್ರೆ ಪ್ರಾಣಿ ಇರುತ್ತೆ, ಆನೆ ಅಂದ್ರೆ ಸಾವಿರ, ಹುಲಿ ಅಂದ್ರೆ ಐನೂರು, ಘೇಂಡಾಮೃಗ ಅಂದ್ರೆ ನೂರು. ಇಷ್ಟು ಬಾಯಿಪಾಠ ಮಾಡಿಸಿದ್ರೆ ಸಾಕು, ಮೈಸೂರು ಝೂ ನೋಡಿದೋರಿಗೆ ಕಷ್ಟನಾ?

ಮೊಬೈಲ್ ಇದ್ಯಲ್ಲ ಅನ್ನೋ ಮಕ್ಕಳಿಗೂ ಒಂದು ಮಾತು. 2024ರಿಂದ ಅಲ್ಲಿನ ಅಂಗಡಿ ಕ್ಯೂಆರ್‌ಗೆ ನಮ್ಮ ಯುಪಿಐ ನಡೆಯುತ್ತೆ ನಿಜ, ಆದ್ರೆ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಆನ್ ಮಾಡಿರ್ಬೇಕು, ನೆಟ್ ಇರ್ಬೇಕು, ರೋಮಿಂಗ್ ಇಲ್ಲದ ಸಿಮ್ಮಿಗೆ ಓಟಿಪಿನೂ ಬರಲ್ಲ. ಎಟಿಎಂ ಕಾರ್ಡೂ ಅಷ್ಟೇ, 2020ರ ರಿಸರ್ವ್ ಬ್ಯಾಂಕ್ ರೂಲ್ಸ್ ಬಂದ್ಮೇಲೆ ಹೊಸ ಕಾರ್ಡ್ ದೇಶದೊಳಗೆ ಮಾತ್ರ ನಡೆಯೋ ಹಂಗೆ ಬರುತ್ತೆ, ಊರಲ್ಲಿದ್ದಾಗಲೇ ಆನ್ ಮಾಡಿ, ಲಿಮಿಟ್ ಕಮ್ಮಿ ಇಟ್ಟು ಕಳ್ಸಿ, ವಾಪಸ್ ಬಂದ್ಮೇಲೆ ಆಫ್ ಮಾಡಿ.

ನಂಗೆ ಜಾಸ್ತಿ ಸಿಟ್ಟು ಬರೋದು ಕೆಲವು ಟೂರ್ ಮ್ಯಾನೇಜರ್‌ಗಳ ಮೇಲೆ. ಎಲ್ಲಾರ ದುಡ್ಡೂ ನಮ್ಮ ಹತ್ರ ಕೊಡಿ, ನೇಪಾಳಿ ಮಾಡಿಸಿ ಕೊಡ್ತೀವಿ ಅಂತ ಒಂದೇ ಬ್ಯಾಗಿಗೆ ತುಂಬ್ಕೋತಾರೆ, ಯಾವ ರೇಟು ಅಂತ ಹೇಳಲ್ಲ, ಚೀಟಿನೂ ಇಲ್ಲ, ಆ ಬ್ಯಾಗ್ ಹೋದ್ರೆ ಇಡೀ ಬಸ್ ಗತಿ ಏನು? ಅದಕ್ಕಿಂತ ಗಂಡ ಸ್ವಲ್ಪ ಹೆಂಡ್ತಿ ಸ್ವಲ್ಪ ಹಂಚ್ಕೊಂಡು, ದಿನದ ಖರ್ಚು ಮಾತ್ರ ಮೇಲ್ಜೇಬಲ್ಲಿಟ್ಟು, ಮಿಕ್ಕಿದ್ದು ಸೊಂಟಕ್ಕೆ ಸಿಗಿಸೋ ಎಲಡಿಕೆ ಚೀಲದಲ್ಲಿ ಇಟ್ಕೊಳ್ಳೋದೇ ವಾಸಿ. ಆದ್ರೆ ಮುಕ್ತಿನಾಥದಲ್ಲಿ ಆ ಚೀಲನೂ ಬಿಚ್ಚಬೇಕಾಗುತ್ತೆ, ಅಲ್ಲಿ 108 ಧಾರೆ, ಎರಡು ಕುಂಡ, ಮೈ ಕೊರೆಯೋ ನೀರು, ಬಟ್ಟೆಬರೆ ಎಲ್ಲಾ ಕಟ್ಟೆ ಮೇಲೆ ಬಿಟ್ಟು ನಡುಗ್ತಾ ಓಡೋರಿಗೆ ಚೀಲದ ಕಡೆ ಗಮನ ಇರಲ್ಲ. ಗುಂಪಲ್ಲಿ ಇಬ್ರು ಸ್ನಾನ ಮಾಡದೆ ಕಾವಲು ಕೂರ್ಲಿ, ಆಮೇಲೆ ಪಾಳಿ ಬದಲಾಯಿಸ್ಲಿ. ವಾಪಸ್ ಬರೋವಾಗ ಉಳಿದ ಎನ್‌ಸಿನ ಗಡಿಯಲ್ಲೇ ಮಾರಿಬಿಡಿ, ಮಂಡ್ಯದ ಪೇಟೆಬೀದಿಲಿ ಅದನ್ನ ಯಾರು ತಗೋತಾರೆ?

ಬ್ಯಾಂಕಿನೋರು ಟೂರ್ ಟಿಕೆಟ್ ತೋರಿಸಿದೋರಿಗೆ ನೂರರ ಒಂದು ಕಟ್ಟು ಕೊಡ್ಲಿ, ಟೂರಿನೋರು ಮುದ್ದೆ ಊಟದ ಸಾಲಿನ ಕೆಳಗೆ 100ಕ್ಕೆ 160 ಅಂತ ಒಂದು ಸಾಲು ಅಚ್ಚು ಹಾಕ್ಸ್ಲಿ. ಆ ಜಾಗಕ್ಕೆ ಎಕ್ಸ್‌ಟ್ರಾ ದುಡ್ಡು ಬೇಕು ಅಂದ್ರೆ ಕಿಟಕಿ ಸೀಟಿನೋರ ಹತ್ರ ಈಸ್ಕೊಳ್ಲಿ.

ಇಂತಿ,
ಒಬ್ಬ ನಿವೃತ್ತ ಬ್ಯಾಂಕ್ ಕ್ಯಾಷಿಯರ್, ಮಂಡ್ಯ